ರೇಡಿಯೇಟರಿಗೆ ಒಂದು ತಂಬಿಗೆ ನೀರು

ಶಿವರಾತ್ರಿಯ ಮರುದಿನ ಸಂಜೆ ರಾಜಕುಮಾರನ ಕಾರು ಮೂತಿಯಿಂದ ಉಗಿ ಬಿಡುತ್ತ ಬನಹಟ್ಟಿಯ ಓಣಿಯೊಳಗೆ ಬಂದಾಗ, ಅವನ ತಾಯಿ ಭಾಗವ್ವ ಮಗ್ಗದ ಮುಂದೆ ಕೂತು ಎಳೆ ಕೆಚ್ಚುತ್ತಿದ್ದಳು. ಮಗ್ಗದ ಮೇಲೆ ಉದ್ದಕ್ಕೆ ಎಳೆದ ಹಳೆಯ ಹಾಸು ಮುಗಿಯುವ ಹೊತ್ತಿಗೆ, ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸುವುದಕ್ಕೆ ಕೆಚ್ಚುವುದು ಅನ್ನುತ್ತಾರೆ. ಹೀಗೆ ಕೆಚ್ಚುತ್ತ ಹೋದರೆ ಮಗ್ಗ ಎಂದೂ ಬರಿದಾಗುವುದಿಲ್ಲ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಭಾಗವ್ವ ಕೆಚ್ಚುತ್ತಲೇ ಇದ್ದಾಳೆ. ಬರೀ ಎಳೆಯನ್ನಲ್ಲ ಅನ್ನಿ, ಈ ಮನೆಯ ಅಪ್ಪ-ಮಗನ ನಡುವೆ ದಿನಕ್ಕೊಮ್ಮೆ ಹರಿಯುವುದನ್ನೂ ಅವಳೇ ಹೊಸೆಯಬೇಕು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಜೋಡಿ ಅದು.

ಗ್ಯಾರೇಜಿನ ಮಲಕಾಜಪ್ಪ ಬಂದು ಬಾನೆಟ್ ಎತ್ತಿ ಬಗ್ಗಿ ನೋಡಿದ. ರೇಡಿಯೇಟರಿನ ಮೇಲಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿಗೆ ಕೂದಲೆಳೆಯಂಥ ಸೀಳು ಬಿದ್ದಿತ್ತು.

"ಹೊಸಾದ ಹಾಕ್ಸರಿ ಕಾಕಾ," ಎಂದ ರಾಜಕುಮಾರನ ಅಪ್ಪ ನೀಲಕಂಠನಿಗೆ. "ಹಿತ್ತಾಳಿದಾಗಿದ್ರ ಬೆಸಿಗಿ ಹಾಕಿ ಕೊಡ್ತಿದ್ನಿ. ಇದು ಪ್ಲಾಸ್ಟಿಕ್. ಕಾದು ತಣ್ಣಗಾಗಿ, ಕಾದು ತಣ್ಣಗಾಗಿ ಹಪ್ಪಳ ಆಗೇತಿ."

"ಒಡದದ್ದನ್ನೆಲ್ಲಾ ಒಗಕೋತ ಹ್ವಾದ್ರ ಮನಿಯಾಗ ಏನ ಉಳೀತೈತೋ ಮಲಕಾಜಪ್ಪಾ?" ಎಂದ ನೀಲಕಂಠ.

ಮಲಕಾಜಪ್ಪ ನಕ್ಕು ಕೈ ಒರೆಸಿಕೊಂಡ. "ಒಂದ ಮಾತ ನೆನಪಿಡ್ರಿ. ಬಿಸಿ ಇದ್ದಾಗ ಮುಚ್ಚಳ ತಗೀಬ್ಯಾಡ್ರಿ, ಮಾರಿ ಸುಡ್ತೈತಿ. ತಣ್ಣಗಾದ ಮ್ಯಾಲ ನೀರ ಹಾಕ್ರಿ. ನೀರ ಕಡಿಮಿ ಆತಂದ್ರ ಇಂಜಿನ್ನ ಹೋಗ್ತೈತಿ." ಆ ಮಾತನ್ನು ಗಂಡಸರು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಚಹಾ ಕೊಡಲು ಬಂದಿದ್ದ ಭಾಗವ್ವ ಹಾಕಿಕೊಂಡಳು.

ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಸೊಸೆ ದಾನಮ್ಮ ರಬಕವಿಯ ಶಾಲೆಯೊಂದರಲ್ಲಿ ಟೀಚರು. ಹಗಲೆಲ್ಲ ಮಕ್ಕಳೊಂದಿಗೆ ಕೂಗಿ ಬಂದವಳು ಮನೆಯಲ್ಲಿ ಸುಮ್ಮನೆ ರೊಟ್ಟಿ ಬಡಿಯುತ್ತಾಳೆ. ಆದರೆ ಬಾಯಿ ತೆಗೆದಳೆಂದರೆ ಒಂದೇ ಮಾತು, ಅದೂ ನೆಟ್ಟಗೆ ನಾಟುವಂಥದ್ದು.

"ನಾಳಿ ಜಮಖಂಡಿಗೆ ಹೋಗಿ ಹೊಸಾದ ತರ್ತೀನಿ," ಎಂದ ರಾಜಕುಮಾರ. ಅವನು ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತ. "ದಿನಾ ಹೋಗಿ ಬರೂ ಗಾಡಿ. ಕಬ್ಬಿನ ಟ್ರ್ಯಾಕ್ಟರ್ ನಡುವ ನಿಂತ್ರ ದಾಟಿ ಬರೂದ ಹ್ಯಾಂಗ?"

"ಒಂದ ಸೀಳ ಬಿತ್ತಂತ ಪೂರಾ ಒಗೀತಿ?" ನೀಲಕಂಠ ರೊಟ್ಟಿ ಮುರಿದ. "ನಂದೂ ಮೊಳಕಾಲ ಸವದಾವು. ನನ್ನೂ ಒಗದ ಬಿಡು."

"ನಿನ್ನ ಯಾರ ಒಗೀತೀನಿ ಅಂದ್ರಪಾ?"

"ಮಗ್ಗ ಗುಜರಿಗೆ ಹಾಕೂನು ಅಂದಾಂವ ನೀನ ಅಲ್ಲೇನು?"

"ಉಣ್ಣೂಮುಂದ ಮಗ್ಗದ ಮಾತ ಬ್ಯಾಡ," ಎಂದಳು ಭಾಗವ್ವ. ಯಾರೂ ಕೇಳಲಿಲ್ಲ.

"ಅಂದೀನಿ, ಮತ್ತ ಅಂತೀನಿ," ರಾಜಕುಮಾರನ ದನಿ ಏರಿತು. "ಎರಡ ಮಗ್ಗದಾಗ ಒಂದ ನಿಂತ ಹೋತು. ಇನ್ನೊಂದರ ಸದ್ದಿಗೆ ನಿನ್ನ ಕಿವಿ ಹೋದೂವು, ಕೆಚ್ಚಿ ಕೆಚ್ಚಿ ಅವ್ವನ ಕಣ್ಣ ಹೋಗಾಕತ್ತಾವು. ಯಾರ ಸಲವಾಗಿ ನೇಯತಿ?"

"ಮುಧೋಳದ ಅಂಗಡ್ಯಾಂವ ವಾರಾ ವಾರಾ ನನ್ನ ಸೀರಿ ಒಯ್ಯಾಕತ್ತಾನೋ ಇಲ್ಲೋ? ನೀನ ಕಾರಿನ್ಯಾಗ ಒಯ್ದ ಕೊಡ್ತಿ, ನೀನ ರೊಕ್ಕ ತರ್ತಿ. ಗಿರಾಕಿ ಇರೂತನಕ ಮಗ್ಗ ಯಾಕ ನಿಲ್ಲಸ್ಲಿ?"

ರಾಜಕುಮಾರ ಏನೋ ಹೇಳಲು ಹೋಗಿ, ಹೇಳದೆ, ನೀರು ಕುಡಿದ. ದಾನಮ್ಮ ಹಂಚಿನ ಮೇಲಿನ ರೊಟ್ಟಿಯನ್ನು ಸುಮ್ಮಸುಮ್ಮನೆ ಮಗುಚಿದಳು.

"ಕೇಳಿಲ್ಲೆ," ಎಂದ ನೀಲಕಂಠ. "ಇದನ್ನ ನಾ ರಿಪೇರಿ ಮಾಡ್ತೀನಿ. ಯುಗಾದಿ ತನಕ ತಡೀತಂದ್ರ ನೀ ಮಗ್ಗದ ಮಾತ ಎತ್ತಬಾರದು. ತಡೀಲಿಲ್ಲಂದ್ರ ಗುಜರಿಯಾಂವನ್ನ ನಾನ ಕರಕೊಂಡ ಬರ್ತೀನಿ."

"ಆತಪಾ. ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು? ನೋಡೂನು."

ಭಾಗವ್ವ ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಇಟ್ಟಳು. ಮಗ್ಗ ನಿಂತ ಮನೆಯ ಗಂಡಸರನ್ನು ಅವಳು ಓಣಿಯಲ್ಲಿ ಕಂಡಿದ್ದಳು. ಮುಂಜಾನೆಯಿಂದ ಸಂಜೆಯವರೆಗೆ ಕಟ್ಟೆಯ ಮೇಲೆ ಕೂತು ಹೋಗಿಬರುವವರ ಚಪ್ಪಲಿ ನೋಡುವವರು. ತನ್ನ ಗಂಡ ಆ ಸಾಲಿನಲ್ಲಿ ಕೂರುವುದನ್ನು ನೆನೆಸಿಕೊಂಡರೇ ಅವಳಿಗೆ ಅಳು ಬರುತ್ತಿತ್ತು.

ಮರುದಿನ ರವಿವಾರ ನೀಲಕಂಠ ಅಂಗಳದಲ್ಲಿ ರೇಡಿಯೇಟರ್ ಬಿಚ್ಚಿಟ್ಟುಕೊಂಡು ಕೂತ. ಲಾಳಿ ಬಡಿಯುವ ಮರದ ಕೋಲು ಸೀಳಿದಾಗ ಅವನು ಮಾಡುತ್ತಿದ್ದ ಮದ್ದನ್ನೇ ಇದಕ್ಕೂ ಮಾಡಿದ. ಸೀಳಿನ ಸುತ್ತ ಉಜ್ಜು ಕಾಗದದಿಂದ ತಿಕ್ಕಿ ಒರಟು ಮಾಡಿದ. ಎರಡು ಬಗೆಯ ಅಂಟನ್ನು ಕಣಕದಂತೆ ನಾದಿ ಹಚ್ಚಿದ. ಅದರ ಮೇಲೆ ಹತ್ತಿ ನೂಲಿನ ಎಳೆಗಳನ್ನು ಒಂದರ ಪಕ್ಕ ಒಂದು, ಅಡ್ಡ ಒಂದು ಪದರ, ಉದ್ದ ಒಂದು ಪದರ, ಅಂಟು ಕುಡಿಸುತ್ತ ಹಾಸಿದ. ಜಗತ್ತಿನಲ್ಲಿ ನೇಕಾರನೊಬ್ಬನೇ ರೇಡಿಯೇಟರಿಗೂ ಹಾಸು-ಹೊಕ್ಕು ಹಾಕಿಯಾನು. ಎರಡು ದಿನ ಒಣಗಿಸಿ ಕೂಡಿಸಿದ ಮೇಲೆ ನೀರು ಹಾಕಿ ಇಂಜಿನ್ ಚಾಲೂ ಮಾಡಿದರು. ಒಂದು ಹನಿಯೂ ಸೋರಲಿಲ್ಲ.

"ನೋಡಲೇ!" ಎಂದ ನೀಲಕಂಠ. ಚಹಾದಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಮಲಕಾಜಪ್ಪನ ಗ್ಯಾರೇಜಿನ ಬಾಗಿಲಲ್ಲೇ ನಿಂತು ಅದನ್ನು ಹೇಳಿಬಂದ. ಆ ವಾರ ಮಗ್ಗದ ಸದ್ದು ಕೂಡ ಒಂದು ಕೈ ಮೇಲೆಯೇ ಇತ್ತು.

ಮುಂದಿನ ವಾರದ ಒಂದು ನಸುಕಿನಲ್ಲಿ ಭಾಗವ್ವ ಕಸಬರಿಗೆ ಹಿಡಿದು ಅಂಗಳಕ್ಕೆ ಬಂದಳು. ಕಾರಿನ ಮುಂದಿನ ಗಾಲಿಗಳ ನಡುವೆ ನೆಲ ಅಂಗೈ ಅಗಲ ಒದ್ದೆಯಾಗಿತ್ತು. ದೇವರ ಮಾಡದ ಪಕ್ಕದ ಮೊಳೆಯಲ್ಲಿ ತೂಗುತ್ತಿದ್ದ ಕೀಲಿ ತಂದು, ಮಗ ಮಾಡುವುದನ್ನು ನೋಡಿದ್ದ ನೆನಪಿನ ಮೇಲೆ ಒಳಗಿನ ಹಿಡಿಕೆ ಎಳೆದು, ಬಾನೆಟ್ ಎತ್ತಿದಳು. ಗಂಡ ಹಾಕಿದ ತೇಪೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಆದರೆ ಅದರ ಅಂಚಿಗೆ ಒತ್ತಿಕೊಂಡೇ, ಹಳೆಯ ಪ್ಲಾಸ್ಟಿಕ್ಕಿನಲ್ಲಿ, ಇನ್ನೊಂದು ಗೆರೆ ಮೂಡಿತ್ತು.

ಭಾಗವ್ವ ಒಳಗೆ ಹೋಗಿ ತಂಬಿಗೆ ತುಂಬಿ ನೀರು ತಂದು, ಮುಚ್ಚಳ ತಿರುವಿ, ಕಂಠಪೂರ್ತಿ ಹಾಕಿದಳು. ಬಾನೆಟ್ ಮುಚ್ಚಿ ಬಕೆಟ್ಟಿನ ನೀರನ್ನು ಅಂಗಳದ ತುಂಬ ಚಿಮುಕಿಸಿದಳು. ಸೋರಿದ ಒದ್ದೆ, ಚಿಮುಕಿಸಿದ ಒದ್ದೆ ಒಂದಾಯಿತು. ಹೊಸ್ತಿಲ ಮುಂದೆ ರಂಗೋಲಿ ಎಳೆದು, ಏನೂ ಆಗದವಳಂತೆ ಚಹಾಕ್ಕಿಟ್ಟಳು.

ಅಂದಿನಿಂದ ಅದೇ ದಿನಚರಿಯಾಯಿತು. ಮೊದಲು ಕಾರಿಗೆ ನೀರು, ಆಮೇಲೆ ಅಂಗಳಕ್ಕೆ, ಆಮೇಲೆ ತುಳಸಿಗೆ. ಬಿಸಿಲು ಏರಿದ ಹಾಗೆ ಕಾರಿನ ಬಾಯಾರಿಕೆಯೂ ಏರಿತು.

"ಅತ್ತಿ, ನಸುಕಿನ್ಯಾಗ ದಿನಾ ಗಾಡಿಗೆ ಆರತಿ ಎತ್ತತೀರೇನು?" ಎಂದು ಒಂದು ಮುಂಜಾನೆ ದಾನಮ್ಮ ಕೇಳಿದಳು. "ಬಾನೆಟ್ ಮುಚ್ಚಿದ ಸದ್ದಿಗೆ ನನಗ ಎಚ್ಚರಾತು."

"ಬೆಕ್ಕು ಹೊಕ್ಕಿತ್ತವಾ. ಓಡಿಸಾಕ ಹೋಗಿದ್ನಿ."

"ಹೌದ್ರಿ?" ದಾನಮ್ಮ ಡಬ್ಬಿಗೆ ಅವಲಕ್ಕಿ ತುಂಬುತ್ತ ಅತ್ತೆಯ ಮುಖ ನೋಡಿದಳು. "ದಿನಾ ಬರೂ ಬೆಕ್ಕಿಗೆ ಹಾಲರ ಇಡ್ರಿ." ಅದಕ್ಕಿಂತ ಹೆಚ್ಚು ಕೆದಕಲಿಲ್ಲ.

ನೀಲಕಂಠ ಮಾತ್ರ ಊಟಕ್ಕೆ ಕೂತಾಗಲೆಲ್ಲ ಮಗನನ್ನು ಕೆಣಕುತ್ತಿದ್ದ. "ಏನಪಾ, ಇವತ್ತರ ಉಗಿ ಬಂತೇನು?"

"ಇಲ್ಲಪಾ."

"ನಿನ್ನ ಹೊಸಾ ರೇಡಿಯೇಟರ್ ಆಗಿದ್ರ ಇಷ್ಟೊತ್ತಿಗೆ ಸೋರತಿತ್ತು."

ರಾಜಕುಮಾರ ಸಿಟ್ಟಾಗದೆ ನಗುತ್ತಿದ್ದುದು ಭಾಗವ್ವನಿಗೆ ಸೋಜಿಗ. ಪ್ರತಿ ಶನಿವಾರ ಅಪ್ಪ ಮಡಿಚಿಟ್ಟ ಸೀರೆಗಳನ್ನು ಕಾರಿನಲ್ಲಿಟ್ಟುಕೊಂಡು ಹೋಗುತ್ತಿದ್ದ. ಸಂಜೆ ಬಂದು ಅಪ್ಪನ ಕೈಗೆ ನೋಟು ಇಡುತ್ತಿದ್ದ. "ಹಳದಿ ದಡಿದು ಭಾಳ ಛಲೋ ಐತಿ ಅಂದ್ನಪಾ ಅಂಗಡ್ಯಾಂವ" ಎಂದು ಸೀರೆಯ ಅಂಚನ್ನು ಹೊಗಳಿಯೂ ಹೇಳುತ್ತಿದ್ದ. ಅಂಥ ದಿನ ನೀಲಕಂಠ ಒಂದು ರೊಟ್ಟಿ ಜಾಸ್ತಿ ತಿನ್ನುತ್ತಿದ್ದ.

ಯುಗಾದಿಗೆ ವಾರವೊಂದು ಉಳಿದಿತ್ತು. ಆಗ ರನ್ನ ಬೆಳಗಲಿಯಿಂದ ಭಾಗವ್ವನ ತಂಗಿ ಹಾಲವ್ವನ ಫೋನು ಬಂತು. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ, ಅಕ್ಕ ಬರದಿದ್ದರೆ ತೊಟ್ಟಿಲು ಕಟ್ಟುವುದೇ ಇಲ್ಲವೆಂದಳು. ಹೋಗದೆ ಉಪಾಯವಿರಲಿಲ್ಲ. ಬಸ್ಸು ಹತ್ತುವ ಮುಂಜಾನೆ ಭಾಗವ್ವ ರೇಡಿಯೇಟರಿಗೆ ಉಕ್ಕಿ ಚೆಲ್ಲುವಷ್ಟು ನೀರು ಹಾಕಿದಳು. ದಾನಮ್ಮನಿಗೆ ಹೇಳಿಬಿಡಲೇ ಎಂದು ಅಡುಗೆಮನೆಯ ಬಾಗಿಲಿನವರೆಗೆ ಹೋಗಿ, ಅಲ್ಲಿಂದ ತಿರುಗಿ ಬಂದಳು. ಸೊಸೆಗೆ ಹೇಳಿದ್ದು ಮಗನಿಗೆ ಹೇಳಿದ ಹಾಗೆ. ಮಗನಿಗೆ ಹೇಳಿದ್ದು ಮಗ್ಗ ಮಾರಿದ ಹಾಗೆ.

ಬೆಳಗಲಿಯಲ್ಲಿ ಹೆಣ್ಣುಮಕ್ಕಳು ಜೋಗುಳ ಹಾಡುತ್ತಿದ್ದರೆ ಇವಳ ಕಿವಿಯೆಲ್ಲ ಫೋನಿನ ಕಡೆ.

"ಯಕ್ಕಾ, ಯಾರ ಫೋನಿನ ಹಾದಿ ನೋಡಾಕತ್ತಿ?" ಎಂದಳು ಹಾಲವ್ವ.

"ಯಾರದೂ ಇಲ್ಲ. ಗಾಡಿದು."

ಹಾಲವ್ವ ಅಕ್ಕನ ಹಣೆ ಮುಟ್ಟಿ ನೋಡಿದಳು.

ಮೂರು ದಿನ ಕಳೆದು ಬನಹಟ್ಟಿಗೆ ಮರಳಿದಾಗ ಕಾರು ಅಂಗಳದಲ್ಲಿ ನೆಟ್ಟಗೆ ನಿಂತಿತ್ತು. ರಾಜಕುಮಾರ ದಿನಾ ಕಾರ್ಖಾನೆಗೆ ಹೋಗಿ ಬಂದಿದ್ದನಂತೆ. ಉಗಿಯಿಲ್ಲ, ಜಗಳವಿಲ್ಲ. ಭಾಗವ್ವನಿಗೆ ಖುಷಿಯೂ ಆಯಿತು, ಒಳಗೊಳಗೆ ಉರಿಯೂ ಹತ್ತಿತು. ಹಾಗಾದರೆ ಇಷ್ಟು ದಿನ ತಾನು ಸೊಂಟ ಬಗ್ಗಿಸಿ ಹಾಕಿದ ನೀರಿಗೆ ಅರ್ಥವೇ ಇರಲಿಲ್ಲವೇ?

ನೋಡೇಬಿಡೋಣವೆಂದು ಮರುದಿನ ನಸುಕಿನಲ್ಲಿ ಎದ್ದಳು. ಪಕ್ಕದ ಹಾಸಿಗೆ ಖಾಲಿಯಿತ್ತು. ಬಾಗಿಲು ಸರಿಸಿದರೆ ಅಂಗಳದಲ್ಲಿ ಬಾನೆಟ್ ಎತ್ತಿ, ತಂಬಿಗೆ ಹಿಡಿದು, ನೀಲಕಂಠ ನಿಂತಿದ್ದ.

"ಏನ ಮಾಡಾಕತ್ತೀರಿ?"

ಅವನು ಗಕ್ಕನೆ ತಿರುಗಿದ ರಭಸಕ್ಕೆ ನೀರು ಧೋತರದ ಮೇಲೆ ಚೆಲ್ಲಿತು. "ನೀ ಮಾಡ್ತಿದ್ದದ್ದು," ಎಂದ.

ಭಾಗವ್ವ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಯಾವಾಗ ಗೊತ್ತಾತ್ರಿ?"

"ನೀ ಹ್ವಾದ ಮರುದಿನಾನ. ದಾನಮ್ಮ ಹೊಸ್ತಲಕ್ಕಷ್ಟ ನೀರ ಹೊಡದು ಸಾಲಿಗೆ ಓಡಿದ್ಲು. ಅಂಗಳೆಲ್ಲಾ ಒಣಾ, ಗಾಡಿ ಬುಡಕಷ್ಟ ಹಸಿ. ಎತ್ತಿ ನೋಡ್ತೀನಿ, ಮುಚ್ಚಳದ ಮ್ಯಾಲ ಬೂದಿ ಹತ್ತಿದ ಬಟ್ಟಿನ ಗುರ್ತ." ತಂಬಿಗೆಯನ್ನು ಕೆಳಗಿಟ್ಟು ಅವಳ ಪಕ್ಕ ಕೂತ. "ನಾ ಈ ನಾಕ ದಿನ ಹಾಕೀನಿ. ನಾಕ ದಿನಕ್ಕ ಬ್ಯಾಸರಾತು. ನೀ ಹ್ಯಾಂಗ ಹಾಕಿದಿ ಇಷ್ಟ ದಿನಾ?"

"ರೂಢಿ ಆಗೇತಿ ಬಿಡ್ರಿ."

ಅವನು ನಗಲಿಲ್ಲ. "ನನ್ನ ತೇಪಿ ತಡೀಲಿಲ್ಲ."

"ನಿಮ್ಮ ತೇಪಿ ಗಟ್ಟಿನ ಐತ್ರಿ. ಅದರ ಬಾಜೂಕ ಸೀಳೇತಿ." ಭಾಗವ್ವ ತನ್ನ ಬೆರಳುಗಳನ್ನು ನೋಡಿಕೊಂಡಳು. "ಹಳೇ ಎಳಿ ಗಟ್ಟಿ ಇದ್ರ ಕೆಚ್ಚ ನಿಲ್ಲತೈತಿ. ಎಳೀನ ಪುಸುಕ ಆಗಿದ್ರ ಎಷ್ಟ ಹೊಸದ್ರೂ ಅಷ್ಟ, ಕೆಚ್ಚಿನ ಬಾಜೂಕ ಹರೀತೈತಿ."

"ಇದನ್ನ ಅವತ್ತ ಯಾಕ ಹೇಳಲಿಲ್ಲ?"

"ನೀವ ಕೇಳಲಿಲ್ಲ."

ಪಕ್ಕದ ಓಣಿಯಲ್ಲಿ ಯಾರದೋ ಮಗ್ಗ ಶುರುವಾಯಿತು. ನೀಲಕಂಠ ಎದ್ದು ಕಾರಿನ ಹಿಂದೆ ಹೋಗಿ, "ಬಾ ಇಲ್ಲೆ. ಇನ್ನೊಂದೈತಿ," ಎಂದು ಡಿಕ್ಕಿ ಎತ್ತಿದ. ನೀರು ಹಾಕಿದ ಮೊದಲ ದಿನ ಸ್ಪ್ಯಾನರ್ ಹುಡುಕಲು ಅದನ್ನು ತೆರೆದಿದ್ದನಂತೆ. ಹಳೆಯ ಚಾದರದ ಕೆಳಗೆ, ಸ್ಟೆಪ್ನಿ ಗಾಲಿಯ ಸುತ್ತ, ಸೀರೆಗಳು. ಹಸಿರು, ನೇರಳೆ, ಹಳದಿ ದಡಿಯವು. ಸಂಕ್ರಾಂತಿಗೆ ನೇಯ್ದದ್ದೂ ಇತ್ತು. ಒಂದರ ಮಡಿಕೆಯೂ ಬಿಚ್ಚಿರಲಿಲ್ಲ.

ಭಾಗವ್ವನಿಗೆ ಮೊದಲು ತಿಳಿಯಲಿಲ್ಲ. "ಇವನ್ನ ಮುಧೋಳದ ಅಂಗಡ್ಯಾಂವ ಒಯ್ದಾನಲ್ರಿ? ವಾರಾ ರೊಕ್ಕಾ ಬರ್ತಿತ್ತಲ್ಲಾ?"

"ಬರ್ತಿತ್ತು. ನಿನ್ನ ಮಗನ ಪಗಾರದಾಗಿಂದ." ನೀಲಕಂಠ ಒಂದು ಸೀರೆಯ ದಡಿಯನ್ನು ಹೆಬ್ಬೆರಳಿನಿಂದ ಸವರಿದ. "ನೀ ಗಾಡಿಗೆ ನೀರ ಹಾಕಿದಿ. ಅಂವಾ ಮಗ್ಗಕ್ಕ ಹಾಕಾಕತ್ತಾನ."

ಭಾಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಊಟಕ್ಕೆ ಕೂತಾಗ ಮಗ ನುಂಗಿದ ಮಾತು, ದಾನಮ್ಮ ಸುಮ್ಮಸುಮ್ಮನೆ ಮಗುಚಿದ ರೊಟ್ಟಿ, ಎಲ್ಲ ಒಮ್ಮೆಲೇ ನೆನಪಾದವು. ಮಗ್ಗ ಮಾರು ಎಂದು ಒದರುತ್ತಿದ್ದವನೇ ಅದನ್ನು ನಡೆಸುತ್ತಿದ್ದ.

"ಅವಗ ಏನೂ ಅನಬ್ಯಾಡ್ರಿ," ಎಂದಳು.

"ಏನ ಅನ್ಲಿ?" ಎಂದು ನೀಲಕಂಠ ಡಿಕ್ಕಿಯನ್ನು ಸದ್ದಾಗದಂತೆ ಮುಚ್ಚಿದ.

ಯುಗಾದಿಯ ಹಿಂದಿನ ದಿನ ಮಗ್ಗದ ಮೇಲಿನ ಹಾಸು ಮುಗಿಯಲು ಬಂತು. ಹೊಸ ಹಾಸು ಸುತ್ತಿದ ಬೀಮು ಮೂಲೆಯಲ್ಲಿ ಕಾಯುತ್ತಿತ್ತು. ಭಾಗವ್ವ ರೂಢಿಯಂತೆ ಬೂದಿಯ ಬಟ್ಟಲು ಹಿಡಿದು ಬಂದು ಮಗ್ಗದ ಮುಂದೆ ಕೂತಳು.

"ಈ ಸಲ ಕೆಚ್ಚಬ್ಯಾಡ," ಎಂದ ನೀಲಕಂಠ.

ಅವಳು ತಲೆ ಎತ್ತಿ ನೋಡಿದಳು. ಅವನು ಕತ್ತರಿಯಿಂದ ಹಾಸನ್ನು ಅಂಚಿನಿಂದ ಅಂಚಿಗೆ ಕತ್ತರಿಸಿ, ಕೊನೆಯ ಸೀರೆಯನ್ನು ಬಿಚ್ಚಿಕೊಂಡ. ನೇಕಾರನ ಮನೆಯಲ್ಲಿ ಅದೊಂದು ಸದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಬಟ್ಟಲಿನ ಬೂದಿಯನ್ನು ಏನು ಮಾಡುವುದೋ ತಿಳಿಯದೆ ತುಂಬ ಹೊತ್ತು ಕೈಯಲ್ಲಿ ಹಿಡಿದೇ ಕೂತಿದ್ದಳು.

ಹಬ್ಬದ ದಿನ ಎಣ್ಣೆ ಹಚ್ಚಿಕೊಂಡು ನೀರು ಹಾಕಿಕೊಂಡು, ಎಲ್ಲರೂ ದೇವರ ಮುಂದೆ ಸೇರಿದರು. ದಾನಮ್ಮ ಬೇವು-ಬೆಲ್ಲದ ಬಟ್ಟಲು ತಂದಳು. ರಾಜಕುಮಾರ ಅಪ್ಪನ ಕಾಲಿಗೆ ಬಿದ್ದು ಎದ್ದು, "ನೀ ಗೆದ್ದೆಪಾ," ಎಂದ. "ಯುಗಾದಿ ಬಂತು, ಗಾಡಿ ನಿಲ್ಲಲಿಲ್ಲ. ಇನ್ನ ಮಗ್ಗದ ಮಾತ ಎತ್ತೂದಿಲ್ಲ."

"ಮಲಕಾಜಪ್ಪಗ ಹೇಳೀನಿ," ಎಂದ ನೀಲಕಂಠ. "ಹೊಸಾ ರೇಡಿಯೇಟರ್ ತರಸ್ತಾನ. ಗುಜರಿಯಾಂವಗೂ ಹೇಳೀನಿ. ನಾಳಿ ಬರ್ತಾನ."

"ಯಾಕಪಾ? ತಡದೈತಲ್ಲಾ?"

ನೀಲಕಂಠ ದೇವರ ಮುಂದೆ ಇಟ್ಟಿದ್ದ ಸೀರೆಯನ್ನು ಎತ್ತಿಕೊಂಡ. ನಿನ್ನೆ ಮಗ್ಗದಿಂದ ಇಳಿಸಿದ್ದು. ಕುಂಕುಮ ಬಣ್ಣದ ಒಡಲು, ಹಳದಿ ದಡಿ. ಅದನ್ನು ಹೆಂಡತಿಯ ಕಡೆ ಚಾಚಿದ. "ತಗೊ. ಇದು ಡಿಕ್ಕಿಗೆ ಹೋಗೂದು ಬ್ಯಾಡ. ನೀ ಉಟಗೊ."

ಬೇವು-ಬೆಲ್ಲ ಹಿಡಿದಿದ್ದ ರಾಜಕುಮಾರನ ಕೈ ಬಾಯಿಯ ಹತ್ತಿರ ಹೋದದ್ದು ಅಲ್ಲಿಯೇ ನಿಂತಿತು. ದಾನಮ್ಮ ತಲೆ ತಗ್ಗಿಸಿದಳು.

"ಅಪ್ಪಾ, ಅದು..."

"ತಿನ್ನಪಾ," ಎಂದ ನೀಲಕಂಠ. "ಕಹಿ ಇದ್ರೂ ತಿನಬೇಕು. ಹಬ್ಬ ಐತಿ." ರಾಜಕುಮಾರ ಚಿಕ್ಕಂದಿನಂತೆ ಅಪ್ಪನ ಭುಜಕ್ಕೆ ಮುಖ ಒತ್ತಿದ. ನಲವತ್ತು ವರ್ಷ ಮಗ್ಗದ ಮುಂದೆ ಕೂತು ಸಾವಿರಾರು ಸೀರೆಗೆ ಎಳೆ ಕೆಚ್ಚಿದ್ದ ಭಾಗವ್ವ, ಸ್ವಂತ ಮಗ್ಗದ ಸೀರೆಯೊಂದನ್ನು ಮೊದಲ ಸಲ ತನ್ನದೆಂದು ಎದೆಗೆ ಒತ್ತಿಕೊಂಡಳು.

ಮಗ್ಗ ಟೆಂಪೊ ಹತ್ತಿ ಹೋಯಿತು. ಅದು ಹೋದ ಮರುದಿನ ಭಾಗವ್ವ ಎದ್ದಾಗ ಬೆಳಕು ಹರಿದಿತ್ತು. ಕಾರಿಗೆ ಹೊಸ ರೇಡಿಯೇಟರ್ ಕೂತಿದ್ದರಿಂದ ನಸುಕಿನ ಕೆಲಸವಿರಲಿಲ್ಲ. ಗಂಡ ಈಗ ಎಲ್ಲಿರುತ್ತಾನೆಂದು ಅವಳಿಗೆ ಗೊತ್ತಿತ್ತು. ಕಟ್ಟೆಯ ಮೇಲೆ. ನೋಡಲು ಮನಸ್ಸಿಲ್ಲದೆ ಕೌದಿಯೊಳಗೇ ಸ್ವಲ್ಪ ಹೊತ್ತು ಮಲಗಿದ್ದಳು. ಅಷ್ಟರಲ್ಲಿ ಹೊರಗೆ ನೀರು ಧೊಪ್ಪೆಂದು ಬಿದ್ದ ಸದ್ದು, ಅದರ ಹಿಂದೆಯೇ ಎದುರುಮನೆಯ ಸುಂದರವ್ವನ ನಗೆ.

ಎದ್ದು ಬಂದು ನೋಡಿದರೆ ಧೋತರ ಮೇಲೆ ಕಟ್ಟಿದ ನೀಲಕಂಠ ಖಾಲಿ ಬಕೆಟ್ ಹಿಡಿದು ನಿಂತಿದ್ದ. ಅಂಗಳದ ನಡುವೆ ಎಮ್ಮೆ ಹೊರಳುವಷ್ಟು ಕೆಸರು.

"ಏನ್ರಿ ಇದು?"

"ಅಂಗಳಕ್ಕ ನೀರ ಹೊಡದೀನಿ."

"ಹಿಂಗ ಹೊಡೀತಾರೇನ್ರಿ? ಚಿಮುಕಸಬೇಕು."

"ಕಲಸು," ಎಂದ ನೀಲಕಂಠ, ಬಕೆಟ್ಟನ್ನು ಅವಳ ಕಡೆ ಚಾಚದೆ, ತಾನೇ ಮತ್ತೆ ತುಂಬಿಕೊಂಡು ಬರಲು ನಲ್ಲಿಯ ಕಡೆ ನಡೆಯುತ್ತ. "ನಾಳಿಂದ ಇದು ನಂದ ಕೆಲಸ."